ಹಲ್ಲು ಕೀಳಿಸಲು ಹೋದ ದಿನ

ಹೊಗಳಿಕೆ ಯಾರಿಗೆ ಬೇಡ ಹೇಳಿ. ಆದರೆ ಮೂರು ಹೊತ್ತೂ ಅದನ್ನೇ ಬಡಿಸಿದರೆ ಮನುಷ್ಯ ಹಸಿದೇ ಸಾಯುತ್ತಾನೆ ಎಂಬುದು ಅಯ್ಯನವರಿಗೆ ಅರವತ್ತೊಂದನೆಯ ವಯಸ್ಸಿನಲ್ಲಿ ಗೊತ್ತಾಯಿತು. ಊರಿನ ಕ್ರೈಸ್ತ ಸಭೆಗೆ ಅವರು ಪಾಸ್ಟರಾಗಿ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಸಭೆಯವರ ಬಾಯಲ್ಲಿ ಅವರು ಅಯ್ಯನವರೇ, ಬೇರೆ ಹೆಸರಿಲ್ಲ. ಭಾನುವಾರದ ಆರಾಧನೆ ನಡೆಸಿ, ಪ್ರಸಂಗವೆಂಬ ಉಪದೇಶ ಮುಗಿಸಿದ ಮೇಲೆ ದೇವಾಲಯದ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈ ಕುಲುಕುವುದು ಅವರ ರೂಢಿ. ಕೈ ಕುಲುಕಿದವರೆಲ್ಲ ಪ್ರಸಂಗ ಬಹಳ ಚೆನ್ನಾಗಿತ್ತು ಎನ್ನುವುದು ಸಭೆಯ ರೂಢಿ. ಪ್ರಸಂಗದ ಉದ್ದಕ್ಕೂ ನಿದ್ದೆ ಹೊಡೆದವರು ಇದನ್ನು ಇನ್ನೂ ಸ್ವಲ್ಪ ಜೋರಾಗಿ ಹೇಳುತ್ತಿದ್ದರು, ಪಾಪ.

ಚೆನ್ನಾಗಿರಲಿಲ್ಲ ಎಂದು ಹೇಳುತ್ತಿದ್ದ ಒಂದೇ ಒಂದು ಜೀವ ಹದಿನಾಲ್ಕು ತಿಂಗಳ ಹಿಂದೆ ಹೋಗಿಬಿಟ್ಟಿತ್ತು.

ಅವರ ಹೆಂಡತಿ ಹೈಸ್ಕೂಲಿನಲ್ಲಿ ಟೀಚರಾಗಿದ್ದವರು. ಊರಿಗೆಲ್ಲ ಟೀಚರಮ್ಮ. ಶನಿವಾರ ಸಂಜೆ ಐದಕ್ಕೆ ಅಯ್ಯನವರು ಮರುದಿನದ ಪ್ರಸಂಗದ ಹಾಳೆಗಳನ್ನು ಊಟದ ಮೇಜಿನ ಮೇಲೆ ಇಟ್ಟು, ಪರೀಕ್ಷೆ ಬರೆದ ಹುಡುಗನ ಹಾಗೆ ಎದುರಿಗೆ ಕೂರುತ್ತಿದ್ದರು. ಟೀಚರಮ್ಮ ಕನ್ನಡಕ ಏರಿಸಿಕೊಂಡು, ಶಾಲೆಯ ಉತ್ತರಪತ್ರಿಕೆ ತಿದ್ದುವ ಅದೇ ಕೆಂಪು ಪೆನ್ಸಿಲಿನಿಂದ ಗೀಚುತ್ತ ಹೋಗುತ್ತಿದ್ದರು. 'ಇದನ್ನು ಹೋದ ತಿಂಗಳೇ ಹೇಳಿದ್ದೀರಿ.' 'ಇದು ನಿಮಗೇ ಅರ್ಥವಾಗಿಲ್ಲ.' 'ಜನರನ್ನು ಇಷ್ಟು ಅಳಿಸಬೇಡಿ, ಮನೆಗೆ ಹೋಗಿ ಅವರು ಅಡುಗೆ ಮಾಡಬೇಕು.' ಅಯ್ಯನವರಿಗೆ ಸಿಟ್ಟು ಬರುತ್ತಿತ್ತು. ಎದ್ದು ಹೋಗಿ ಹಿತ್ತಿಲಲ್ಲಿ ಎರಡು ಸುತ್ತು ಹಾಕಿ ಬರುತ್ತಿದ್ದರು. ಬಂದು, ಅವಳು ಹೇಳಿದ್ದನ್ನೇ ತಿದ್ದುತ್ತಿದ್ದರು. ಮೂವತ್ತೆರಡು ವರ್ಷ ಹೀಗೇ ನಡೆದಿತ್ತು, ಒಂದು ವಾರವೂ ತಪ್ಪದೆ.

ಈಗ ಆ ಹಾಳೆಗಳು ವರ್ಷಕ್ಕೊಂದು ಕಟ್ಟಿನಂತೆ ಕಪಾಟಿನಲ್ಲಿದ್ದವು. ಇಲ್ಲಿ ಒಂದು ಗುಟ್ಟು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಟೀಚರಮ್ಮ ಹೋದ ಮೇಲೆ ಅಯ್ಯನವರು ಒಂದೇ ಒಂದು ಹೊಸ ಪ್ರಸಂಗ ಬರೆದಿರಲಿಲ್ಲ. ವಾರ ವಾರ ಕಪಾಟಿನಿಂದ ಒಂದು ಹಳೆಯದನ್ನು ತೆಗೆದು ಓದುತ್ತಿದ್ದರು. ಸೋಮಾರಿತನ ಎನ್ನುವಿರೇನೋ, ಅದಲ್ಲ. ಹೊಸ ಹಾಳೆ ಬರೆದರೆ ಅದು ಬರೀ ನೀಲಿಯಾಗಿರುತ್ತಿತ್ತು. ಹಳೆಯದರಲ್ಲಿ ಕೆಂಪು ಇತ್ತು. ಪ್ರಸಂಗಪೀಠದ ಮೇಲೆ ನಿಂತು ಬಾಯಿ ನೀಲಿಯನ್ನು ಓದುತ್ತಿದ್ದರೆ ಅವರ ಕಣ್ಣು ಕೆಂಪನ್ನು ಓದುತ್ತಿತ್ತು. ಆ ಅರ್ಧ ಗಂಟೆ ಅವಳು ಎದುರಿಗೆ ಕೂತು ಬೈಯುತ್ತಿದ್ದಾಳೆ ಎನಿಸುತ್ತಿತ್ತು. ವಾರದಲ್ಲಿ ಅವರಿಗೆ ಬದುಕಿದ್ದೇನೆ ಅನ್ನಿಸುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ.

ಬಾಯಿ ಒಂದು ಕಡೆ, ಕಣ್ಣು ಒಂದು ಕಡೆ ಓಡಿದರೆ ಎಂದಾದರೂ ಎಡವಲೇಬೇಕಲ್ಲ. ಆ ಭಾನುವಾರ ಎಡವಿದರು.

ಅಂದಿನ ಪ್ರಸಂಗ ಸಾವಿನ ಬಗ್ಗೆ, ಏಳು ವರ್ಷದ ಹಿಂದಿನದು. ಅಯ್ಯನವರು ಗಂಭೀರವಾಗಿ ಓದುತ್ತ ಬಂದರು: "ನಿಜವಾದ ವಿಶ್ವಾಸಿಗೆ ಮರಣದ ಭಯ ಎಂಬುದೇ ಇಲ್ಲ." ಆಮೇಲೆ ಉಸಿರು ತೆಗೆದುಕೊಂಡು, ಅದೇ ಧ್ವನಿಯಲ್ಲಿ, "ಹಲ್ಲು ಕೀಳಿಸಲು ಹೋದ ದಿನ ನೆನಪಿಸಿಕೊಳ್ಳಿ" ಎಂದುಬಿಟ್ಟರು.

ಎರಡನೆಯ ಸಾಲು ಟೀಚರಮ್ಮನದು. ಕೆಂಪಿನದು.

ಒಂದು ಕ್ಷಣ ಇಡೀ ದೇವಾಲಯ ಗಪ್‌ಚಿಪ್. ಆಮೇಲೆ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅದು ಮುಂದಕ್ಕೆ ಹಬ್ಬಿತು. ಮುದುಕಿಯರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು, ಸಭಾ ಕಾರ್ಯದರ್ಶಿಗಳು ಹೊಟ್ಟೆ ಕುಲುಕಿಸಿಕೊಂಡು ನಕ್ಕರು, ಗಾಯಕರ ಸಾಲಿನಲ್ಲಿದ್ದ ಹುಡುಗಿಯರಂತೂ ಒಬ್ಬರ ಮೇಲೊಬ್ಬರು ಬಿದ್ದರು. ಒಂದು ವರ್ಷದಲ್ಲಿ ಆ ಸಭೆ ಪ್ರಸಂಗದ ನಡುವೆ ಎಚ್ಚರವಾಗಿದ್ದದ್ದು ಅದೇ ಮೊದಲು. ಅಯ್ಯನವರ ಕಿವಿ ಮಾತ್ರ ಬಿಸಿಯಾಯಿತು. ಉಳಿದದ್ದನ್ನು ಹೇಗೋ ಮುಗಿಸಿ ಕೆಳಗಿಳಿದರು.

ಬಾಗಿಲಲ್ಲಿ ಎಲ್ಲರದೂ ಅದೇ ಮಾತು. ಆ ಹಲ್ಲಿನ ಮಾತು ಬಹಳ ಚೆನ್ನಾಗಿತ್ತು ಅಯ್ಯನವರೇ, ಎಂಥಾ ಉದಾಹರಣೆ! ಹೌದೌದು ಎಂದು ತಲೆಯಾಡಿಸುತ್ತ ಅಯ್ಯನವರು ಕೈ ಕುಲುಕಿದರು. ಅದು ನನ್ನದಲ್ಲ, ಅವಳದು ಎನ್ನಲು ನಾಲಿಗೆ ಏಳಲಿಲ್ಲ. ಸತ್ತ ಮೇಲೂ ಅವಳ ಮಾತನ್ನು ಕದ್ದು ಶಭಾಸ್‌ಗಿರಿ ತೆಗೆದುಕೊಂಡೆನಲ್ಲ ಎಂದು ಒಳಗೇ ನಾಚಿಕೆಯಾಯಿತು.

ಕೊನೆಗೆ ಬಂದವನು ಟೈಲರಣ್ಣ. ಸಭೆಯ ಅರ್ಧ ಜನರ ಬಟ್ಟೆ ಹೊಲಿಯುವವನು ಅವನೇ. ನಲವತ್ತೆರಡರ ವಯಸ್ಸು, ಸಣ್ಣ ಮೈ, ಕೊರಳಲ್ಲಿ ಟೇಪು ಇಲ್ಲದ ದಿನವೂ ಟೇಪು ಇರುವ ಹಾಗೆ ಕತ್ತು ಬಗ್ಗಿಸುವ ಅಭ್ಯಾಸ. ಅವನು ಚೆನ್ನಾಗಿತ್ತು ಎನ್ನಲಿಲ್ಲ. ಅಯ್ಯನವರ ಮುಖವನ್ನು ಅಳತೆ ತೆಗೆಯುವವನ ಹಾಗೆ ನೋಡಿ, "ಬುಧವಾರದೊಳಗೆ ಪತ್ರ ಕಳಿಸಬೇಕಂತೆ ಅಯ್ಯನವರೇ," ಎಂದ. "ಅಂಗಡಿ ಬಿಡ್ತೀನಿ ಅಂತ ಮಾಲೀಕರಿಗೆ ಹೇಳಿ ಆಯ್ತು."

"ಆಗ್ಲಿ ಆಗ್ಲಿ, ದೇವರ ಚಿತ್ತ ಇದ್ದ ಹಾಗೆ ಆಗುತ್ತೆ," ಎಂದರು ಅಯ್ಯನವರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ.

ಪತ್ರದ ಕತೆ ಹೀಗೆ. ತಿಂಗಳಲ್ಲಿ ಐದನೆಯ ಭಾನುವಾರ ಬಂದರೆ ಅಂದು ಸಭೆಯವರಲ್ಲೇ ಒಬ್ಬರು ಪ್ರಸಂಗ ಮಾಡಬೇಕು ಎಂಬ ಪದ್ಧತಿ ಅಲ್ಲಿತ್ತು. ಎಂಟು ವರ್ಷದ ಹಿಂದೆ ಟೈಲರಣ್ಣ ಮೊದಲ ಸಲ ಎದ್ದು ನಿಂತ. ಅಯ್ಯೋ ದೇವರೇ. ಮನೆಯಲ್ಲಿ ಮೆಲ್ಲಗೆ ಮಾತಾಡುವ ಆ ಮನುಷ್ಯ ಪ್ರಸಂಗಪೀಠ ಹತ್ತಿದ ಕೂಡಲೇ ಜಗಳಕ್ಕೆ ನಿಂತವನ ಹಾಗೆ ಕೂಗತೊಡಗಿದ. ಯಾರಯಾರದೋ ಮಾತನ್ನು ಬಾಯಿಪಾಠ ಮಾಡಿ ತಂದಿದ್ದ, ಒಂದಕ್ಕೊಂದು ಹೊಲಿಗೆ ಕೂಡಿರಲಿಲ್ಲ. ಸಾಲಿಗೊಂದು 'ಆದಕಾರಣ'. ಮಕ್ಕಳು ಬೆರಳು ಮಡಿಸಿ ಎಣಿಸಿ, ಅರವತ್ತಮೂರು ಎಂದು ತೀರ್ಮಾನಿಸಿದವು.

ಅಂದು ಬಾಗಿಲಲ್ಲಿ ಅಯ್ಯನವರು ಅವನ ಬೆನ್ನು ತಟ್ಟಿ, ಚೆನ್ನಾಗಿತ್ತಪ್ಪ, ಮುಂದುವರಿಸು ಎಂದರು. ದಾರಿಯಲ್ಲಿ ಟೀಚರಮ್ಮ ಬಿಡಲಿಲ್ಲ. ಇವತ್ತೇ ಕರೆದು ಹೇಳಿಬಿಡಿ, ಅವನಿಗೆ ದೇವರ ಕರೆ ಇರುವುದು ಬೇರೆ ಕಡೆ ಎಂದರು. ಪಾಪ, ಒಳ್ಳೆಯ ಮನುಷ್ಯ, ಮನಸ್ಸು ಯಾಕೆ ನೋಯಿಸುವುದು ಎಂದರು ಅಯ್ಯನವರು.

"ಅವನ ಮನಸ್ಸಿನ ಚಿಂತೆ ಅಲ್ಲ ರೀ ನಿಮಗೆ," ಎಂದಿದ್ದರು ಟೀಚರಮ್ಮ. "ನಿಮ್ಮ ಒಳ್ಳೆ ಹೆಸರಿನ ಚಿಂತೆ."

ಆ ಮಾತು ಚುಚ್ಚಿತ್ತು. ಚುಚ್ಚಿದರೂ ಹೇಳಲಿಲ್ಲ. ಎಂಟು ವರ್ಷದಲ್ಲಿ ಎಷ್ಟೋ ಐದನೆಯ ಭಾನುವಾರಗಳು ಬಂದವು, ಅಷ್ಟೂ ಸಲ ಚೆನ್ನಾಗಿತ್ತಪ್ಪ ಎಂದರು. ಈಗ ಆ ಚೆನ್ನಾಗಿತ್ತಪ್ಪಗಳೆಲ್ಲ ಒಟ್ಟುಗೂಡಿ ಮರವಾಗಿ ನಿಂತಿದ್ದವು. ಟೈಲರಣ್ಣ ಹೊಲಿಗೆ ಬಿಟ್ಟು, ದೂರದ ಸೆಮಿನರಿಗೆ ಸೇರಿ, ಮೂರು ವರ್ಷ ಓದಿ ಪಾಸ್ಟರಾಗಿ ಬರುತ್ತೇನೆಂದು ಹೊರಟಿದ್ದ. ಅದಕ್ಕೆ ಅಯ್ಯನವರ ಕೈಯ ಶಿಫಾರಸು ಪತ್ರ ಬೇಕಾಗಿತ್ತು.

ಸೋಮವಾರ ಬೆಳಿಗ್ಗೆ ಟೈಲರಣ್ಣನ ಹೆಂಡತಿ ಅಯ್ಯನವರ ಮನೆಗೆ ಬಂದಳು. ಕೂತುಕೊಳ್ಳಮ್ಮ ಎಂದರೂ ಕೂರದೆ ಬಾಗಿಲ ಚೌಕಟ್ಟು ಹಿಡಿದುಕೊಂಡೇ ನಿಂತಳು. ಎರಡು ಹೊಲಿಗೆ ಯಂತ್ರಗಳಲ್ಲಿ ಒಂದನ್ನು ಆಗಲೇ ಪಕ್ಕದ ಬೀದಿಯವರು ಒಯ್ದಿದ್ದಾರಂತೆ. ದೊಡ್ಡ ಮಗಳ ಶಾಲೆ ಬಿಡಿಸಿ ಎಲ್ಲರೂ ತನ್ನ ತವರಿಗೆ ಹೋಗಿ ಇರಬೇಕಂತೆ. ಇದೆಲ್ಲ ತನಗೆ ಕಷ್ಟವಲ್ಲ, ದೇವರು ಕರೆದಿದ್ದರೆ ಉಪವಾಸವಾದರೂ ಇರುತ್ತೇನೆ ಎಂದಳು. ಆಮೇಲೆ ತಲೆ ಎತ್ತಿದಳು.

"ನಾನು ಹೆಂಡ್ತಿ, ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ. ನೀವು ಹೇಳಿ ಅಯ್ಯನವರೇ. ಅವರಿಗೆ ಪ್ರಸಂಗ ಬರುತ್ತಾ?"

ಅಯ್ಯನವರು ಕಿಟಕಿ ನೋಡಿದರು, ಮೇಜು ನೋಡಿದರು, ನೋಡೋಣಮ್ಮ, ಪ್ರಾರ್ಥನೆ ಮಾಡೋಣ ಎಂದರು. ಅವಳು ಚೌಕಟ್ಟಿನಿಂದ ಕೈ ತೆಗೆದಳು. "ಅಮ್ಮನವರು ಇದ್ದಿದ್ರೆ ಹೇಳ್ತಿದ್ರು," ಎಂದು ಹೇಳಿ ಹೊರಟುಹೋದಳು.

ಆ ಮಾತು ಅಯ್ಯನವರ ಎದೆಯಲ್ಲಿ ನೆಟ್ಟು ನಿಂತಿತು. ಮಧ್ಯಾಹ್ನ ಊಟ ಸೇರಲಿಲ್ಲ. ಮೇಜಿನ ಮುಂದೆ ಕೂತು ಪತ್ರ ಬರೆಯತೊಡಗಿದರು. 'ಇವರು ನಮ್ಮ ಸಭೆಯಲ್ಲಿ ಹಲವು ಬಾರಿ ಪ್ರಸಂಗ ಮಾಡಿರುತ್ತಾರೆ. ಸಭೆಯವರು ಮೆಚ್ಚಿರುತ್ತಾರೆ.' ಅಲ್ಲಿಗೆ ಲೇಖನಿ ನಿಂತಿತು. ಯಾರು ಮೆಚ್ಚಿದ್ದು, ಹೆಸರು ಬರೆಯಿರಿ ನೋಡೋಣ ಎಂದು ಟೀಚರಮ್ಮ ಇದ್ದಿದ್ದರೆ ಕೇಳುತ್ತಿದ್ದರೆಂದು ಗೊತ್ತಿತ್ತು. ಎದ್ದು ಹೋಗಿ ಅವಳ ಮೇಜಿನ ಖಾನೆ ಎಳೆದರು. ಕೆಂಪು ಪೆನ್ಸಿಲ್ ಅಲ್ಲೇ ಇತ್ತು, ಹೆಬ್ಬೆರಳುದ್ದ ಉಳಿದಿತ್ತು, ತುದಿಯಲ್ಲಿ ಅವಳ ಹಲ್ಲಿನ ಗುರುತು. ಅದನ್ನು ತಂದು, ಅವಳ ಕುರ್ಚಿಯಲ್ಲಿ ಅವಳ ಹಾಗೇ ಕೂತು, ತಮ್ಮ ಪತ್ರದ ಅಂಚಿನಲ್ಲಿ 'ಸುಳ್ಳು' ಎಂದು ಬರೆದರು.

ಬರೆದು ನೋಡಿದರೆ ಅದು ಅವರದೇ ಅಕ್ಷರ. ಕೆಂಪಾದರೇನು, ಅವಳ ಅಕ್ಷರ ಆಗಲಿಲ್ಲ. ಅವಳ 'ಳ'ಕ್ಕೆ ಒಂದು ಸೊಕ್ಕಿನ ಬಾಲ ಇರುತ್ತಿತ್ತು. ಅದನ್ನು ನೆನೆಸಿಕೊಂಡು ಆ ದೊಡ್ಡ ಮನುಷ್ಯ, ಎಷ್ಟೋ ಸಾವಿನ ಮನೆಗಳಲ್ಲಿ ಧೈರ್ಯ ಹೇಳಿದವರು, ಮೇಜಿಗೆ ಹಣೆ ಹಚ್ಚಿ ಕೂತರು. ಒಂದು ಸಲ ಬಂದು ಬೈದು ಹೋಗೇ, ಒಂದೇ ಸಲ ಎಂದು ಕೇಳಿಕೊಂಡರು. ಬೈಯುವವರು ಯಾರೂ ಬರಲಿಲ್ಲ.

ಅವರನ್ನು ತಿನ್ನುತ್ತಿದ್ದ ಇನ್ನೊಂದು ವಿಷಯವೂ ಇತ್ತು. ಟೀಚರಮ್ಮನ ಕಾಯಿಲೆ ಎಂಟು ತಿಂಗಳಿನದು. ಮೂರನೆಯ ತಿಂಗಳಲ್ಲೇ ಡಾಕ್ಟರು ಆಸ್ಪತ್ರೆಯ ಕಾರಿಡಾರಿನಲ್ಲಿ ಅಯ್ಯನವರನ್ನು ನಿಲ್ಲಿಸಿಕೊಂಡು, ಇನ್ನು ಗುಣವಾಗುವ ಮಾತಿಲ್ಲ ಎಂದಿದ್ದರು. ಅಯ್ಯನವರು ಒಳಗೆ ಹೋಗಿ ಹಾಸಿಗೆಯ ಪಕ್ಕ ಕೂತು, ಔಷಧಿ ಕೆಲಸ ಮಾಡ್ತಾ ಇದೆಯಂತೆ ಕಣೇ ಎಂದರು. ಟೀಚರಮ್ಮ ಕನ್ನಡಕದ ಮೇಲಿನಿಂದ ಅವರನ್ನೇ ನೋಡಿದರು. ಹೋಮ್‌ವರ್ಕ್ ಮಾಡದೆ ಹೊಟ್ಟೆನೋವು ಎಂದ ಹುಡುಗನನ್ನು ನೋಡುವ ನೋಟ ಅದು. ಆಮೇಲೆ, "ಸರಿ," ಎಂದರು. ಅಷ್ಟೇ. ಆಮೇಲಿನ ಐದು ತಿಂಗಳೂ ಅಯ್ಯನವರು ಇವತ್ತು ಮುಖ ಗೆಲುವಾಗಿದೆ, ಇವತ್ತು ಪರವಾಗಿಲ್ಲ ಎನ್ನುತ್ತ ಬಂದರು, ಅವಳು ಸರಿ ಎನ್ನುತ್ತ ಬಂದಳು. ಮೂವತ್ತೆರಡು ವರ್ಷ ಅಲ್ಪವಿರಾಮವನ್ನೂ ಬಿಡದೆ ತಿದ್ದಿದವಳು ಅದೊಂದನ್ನು ತಿದ್ದಲಿಲ್ಲ. ನನ್ನ ಮಾತು ನಂಬಿದಳು, ಹೆದರದೆ ಹೋದಳು ಎಂದು ಅಯ್ಯನವರು ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡಿದ್ದರು.

ಮಂಗಳವಾರ ಮಧ್ಯಾಹ್ನ ಪತ್ರವನ್ನು ಹರಿದು ಬುಟ್ಟಿಗೆ ಹಾಕಿ, ಅಂಗಿ ಬದಲಿಸಿ, ಟೈಲರಣ್ಣನ ಅಂಗಡಿಗೆ ನಡೆದರು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆಯನ್ನು ದಾರಿಯುದ್ದಕ್ಕೂ ಮೆಲುಕು ಹಾಕಿದರು. ಒದೆಯಲಿ, ಒದೆಸಿಕೊಳ್ಳುವಷ್ಟು ಪಾಪ ಮಾಡಿದ್ದೇನೆ ಎಂದುಕೊಂಡರು.

ಅಂಗಡಿ ಎಂದರೆ ಎರಡು ಆಳು ಅಗಲ. ಗೋಡೆಗೆ ಕೊಕ್ಕೆಗಳು, ಕೊಕ್ಕೆಗಳಲ್ಲಿ ಅರ್ಧ ಹೊಲಿದ ಕೋಟುಗಳು, ನೆಲದ ತುಂಬ ಬಣ್ಣಬಣ್ಣದ ಚಿಂದಿ. ಒಂದು ಯಂತ್ರ ಇದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತು ಮಾತ್ರ ಉಳಿದಿತ್ತು. ಟೈಲರಣ್ಣ ಯಾರದೋ ಹಳೆಯ ಕೋಟಿನ ಹೊಲಿಗೆ ಬಿಚ್ಚುತ್ತಿದ್ದ. ಅಯ್ಯನವರನ್ನು ಕಂಡು ಎದ್ದು, ಗಿರಾಕಿಗಳ ಸ್ಟೂಲನ್ನು ಒರೆಸಿ ಇಟ್ಟ. ಪತ್ರ ತಂದ್ರಾ ಎಂದು ಕೇಳಿದ. ಅವನ ಮುಖದಲ್ಲಿ ಆಸೆ ಇತ್ತು. ಇನ್ನು ಒಂದು ಕ್ಷಣ ತಡೆದರೆ ಮತ್ತೆ ದೇವರ ಚಿತ್ತದ ಹಿಂದೆ ಅಡಗುತ್ತೇನೆಂದು ಅಯ್ಯನವರಿಗೆ ಗೊತ್ತಿತ್ತು. ಸ್ಟೂಲಿನ ಮೇಲೆ ಕೂರದೆ ನಿಂತೇ ಹೇಳಿದರು.

"ತಂದಿಲ್ಲಪ್ಪ. ಬರೆಯಲ್ಲ. ನಿನಗೆ ಪ್ರಸಂಗ ಬರಲ್ಲ."

ಟೈಲರಣ್ಣನ ಕೈಯ ಬ್ಲೇಡು ಹೊಲಿಗೆಯ ನಡುವೆ ನಿಂತಿತು.

"ಮೊದಲನೇ ದಿನವೇ ಗೊತ್ತಿತ್ತು ನನಗೆ. ಹೇಳೋ ಧೈರ್ಯ ಇರ್ಲಿಲ್ಲ, ಅದಕ್ಕೇ ಚೆನ್ನಾಗಿತ್ತು ಅಂದೆ. ತಪ್ಪು ನನ್ನದು. ನಿನಗೆ ಕರೆ ಇಲ್ಲ ಅಂತ ನಾನು ಹೇಳ್ತಾ ಇಲ್ಲ. ಹಾಸಿಗೆ ಹಿಡಿದವರ ಪಕ್ಕ ನೀನು ಸುಮ್ನೆ ಕೂತ್ಕೊಳ್ತೀಯಲ್ಲ, ಅದು ನನಗೆ ಇಷ್ಟು ವರ್ಷ ಆದ್ರೂ ಬಂದಿಲ್ಲ. ಆದ್ರೆ ಪ್ರಸಂಗಪೀಠ ನಿನ್ನದಲ್ಲ."

ಟೈಲರಣ್ಣ ಬ್ಲೇಡನ್ನು ಕೆಳಗಿಟ್ಟ. ಕೋಟನ್ನು ಮಡಿಸಿದ. ಮತ್ತೆ ಬಿಚ್ಚಿ, ಮತ್ತೆ ಮಡಿಸಿದ. ಹೊರಗೆ ಯಾರೋ ಬಂದು ಪ್ಯಾಂಟು ಆಯ್ತಾ ಎಂದು ಕೇಳಿದರು. ನಾಳೆ ಎಂದ. ಅವರು ಹೋದ ಮೇಲೆ ಅವನ ಧ್ವನಿ ಹೊರಟಿತು, ಕೂಗಿಲ್ಲದೆ, ಮೆಲ್ಲಗೆ.

"ಎಂಟು ವರ್ಷ ಅಯ್ಯನವರೇ."

"ಹೌದು."

"ನನ್ನ ಹೆಂಡ್ತಿ ಹೇಳಿದ್ಲು. ಅವಳಿಗೆ ಏನು ಗೊತ್ತು, ಅಯ್ಯನವರೇ ಮೆಚ್ಚಿದ್ದಾರೆ ಅಂತ ಅವಳ ಬಾಯಿ ಮುಚ್ಚಿಸಿದೆ. ನಿಮ್ಮ ಮಾತು ನಂಬಿ ಅಂಗಡಿ ಬಿಟ್ಟೆ." ಅವನಿಗೆ ಸಿಟ್ಟು ಏರಿತು. "ಹೇಳೋದೇ ಆದ್ರೆ ನಾನೂ ಹೇಳ್ತೀನಿ, ಕೇಳಿಸ್ಕೊಳ್ಳಿ. ಒಂದು ವರ್ಷದಿಂದ ನಿಮ್ಮ ಪ್ರಸಂಗದಲ್ಲಿ ಜೀವ ಇಲ್ಲ. ಎಲ್ಲಾ ಹಳೇದು. ನಾನು ಕಲಿಯೋಕೆ ಅಂತ ನಿಮ್ಮ ಪ್ರಸಂಗಗಳನ್ನ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದೀನಿ, ತಾರೀಖು ಸಮೇತ ಇದೆ. ಮೊನ್ನೆಯದು ಏಳು ವರ್ಷದ ಹಿಂದಿನದು. ಆವತ್ತು ಅದರಲ್ಲಿ ಹಲ್ಲಿನ ಮಾತು ಇರ್ಲಿಲ್ಲ. ಅದು ಅಮ್ಮನವರ ಮಾತು ತಾನೇ?"

ಅಯ್ಯನವರು ಸ್ಟೂಲಿನ ಮೇಲೆ ಕೂತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದಕ್ಕೂ ಅವರಿಗೆ ಶಕ್ತಿ ಉಳಿದಿರಲಿಲ್ಲ. ಅವಮಾನವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಕೆಳಗೆ, ಹೇಳಬಾರದು, ಒಂದು ತಂಪು. ಹದಿನಾಲ್ಕು ತಿಂಗಳಾದ ಮೇಲೆ ಒಬ್ಬರು ಅವರಿಗೆ ನಿಜ ಹೇಳಿದ್ದರು.

"ಅವಳದೇ," ಎಂದರು. "ನಿನಗೆ ಹೇಗೆ ಗೊತ್ತಾಯ್ತು?"

ಅವರ ಮಾತಿನ ರೀತಿ ನನಗೆ ಗೊತ್ತಿಲ್ವಾ ಎಂದ ಟೈಲರಣ್ಣ. ಕಾಯಿಲೆಯ ದಿನಗಳಲ್ಲಿ ಅವನು ಹದಿನೈದು ದಿನಕ್ಕೊಮ್ಮೆ ಬಂದು ಟೀಚರಮ್ಮನ ಗೌನುಗಳನ್ನು ಒಳಗೆ ಹಿಡಿದು ಹೊಲಿದು, ಅಳತೆ ಚಿಕ್ಕದು ಮಾಡಿಕೊಡುತ್ತಿದ್ದ. ಮೈ ಇಳಿದಂತೆ ಬಟ್ಟೆ ಜೋಲುತ್ತಿತ್ತು, ನೀಟಾಗಿ ಕಾಣಬೇಕು ಎಂಬುದು ಅವರ ಹಟ. ಅದು ಅಯ್ಯನವರಿಗೂ ಗೊತ್ತಿತ್ತು. ಅವನು ಬಂದಾಗ ಅವರು ಚಹಾ ಮಾಡಲು ಒಳಗೆ ಹೋಗುತ್ತಿದ್ದರು. ಗೊತ್ತಿಲ್ಲದ್ದು, ಆ ಚಹಾ ಕುದಿಯುವ ಹೊತ್ತಿನಲ್ಲಿ ನಡೆಯುತ್ತಿದ್ದ ಮಾತು.

ಟೈಲರಣ್ಣ ಸಿಟ್ಟಿನಲ್ಲೇ ಶುರು ಮಾಡಿದ್ದ. ಹೇಳುತ್ತ ಹೇಳುತ್ತ ಅವನ ದನಿ ಇಳಿಯಿತು. ಟೀಚರಮ್ಮ ಪ್ರತಿ ಸಲವೂ ಟೇಪು ಓದಿ ಹೇಳು ಎನ್ನುತ್ತಿದ್ದರಂತೆ. ಅವನು ಇದ್ದ ಅಳತೆಯನ್ನು ಇದ್ದ ಹಾಗೆ ಹೇಳುತ್ತಿದ್ದನಂತೆ. ಸೊಂಟ ಹೋದ ಸಲಕ್ಕಿಂತ ಮುಕ್ಕಾಲು ಇಂಚು ಕಮ್ಮಿ, ತೋಳು ಅರ್ಧ ಇಂಚು. ಊರೆಲ್ಲ ಪರವಾಗಿಲ್ಲ ಅನ್ನುತ್ತೆ, ನಿನ್ನ ಟೇಪು ಒಂದೇ ಸತ್ಯವಂತ ಎಂದು ನಗುತ್ತಿದ್ದರಂತೆ.

"ಕೊನೇ ಸಲ ಕೇಳಿದ್ರು, ಟೈಲರೇ, ಹೀಗೇ ಹೋದ್ರೆ ಇನ್ನೆಷ್ಟು ದಿನ ಅಂತ. ನಾನು ಹೇಳ್ದೆ, ದಿನದ ವಿಷಯ ನನಗೆ ಗೊತ್ತಿಲ್ಲ ಅಮ್ಮನವರೇ, ಆದ್ರೆ ಈ ಗೌನಲ್ಲಿ ಇನ್ನು ಒಳಗೆ ಹಿಡಿಯೋಕೆ ಜಾಗ ಇಲ್ಲ."

ಅಯ್ಯನವರ ಕೈ ತಾನಾಗಿ ಪಕ್ಕದ ಯಂತ್ರದ ಅಂಚನ್ನು ಹಿಡಿಯಿತು. "ಅವಳಿಗೆ ಗೊತ್ತಿತ್ತಾ?"

"ಎಲ್ಲಾ ಗೊತ್ತಿತ್ತು ಅಯ್ಯನವರೇ. ನಿಮಗೆ ಗೊತ್ತಿದೆ ಅನ್ನೋದೂ ಗೊತ್ತಿತ್ತು." ಟೈಲರಣ್ಣ ನೆಲದ ಚಿಂದಿ ನೋಡುತ್ತ ಹೇಳಿದ. "ಅವರು ಬಂದು ಹೇಳ್ತಾರೇನೋ ಅಂತ ಕಾಯ್ತಾ ಇದ್ದೀನಿ, ಅಂದ್ರು. ನಾನೇ ಬಾಯಿ ತೆಗೆದ್ರೆ ಅದು ನನ್ನ ತಿದ್ದುಪಡಿ ಆಗುತ್ತೆ. ಅವರೇ ಹೇಳಿದ್ರೆ ಇಬ್ಬರೂ ಕೂತು ಸ್ವಲ್ಪ ಅಳಬಹುದಿತ್ತು, ಅಂದ್ರು."

ಬೀದಿಯಲ್ಲಿ ಒಂದು ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು. ಅಯ್ಯನವರಿಗೆ ಈಗ ತಿಳಿಯಿತು. ಆ ಐದು ತಿಂಗಳ ಸರಿ, ಸರಿ ಎಂಬುದು ನಂಬಿಕೆಯಲ್ಲ, ಕಾಯುವಿಕೆ. ದಿನವೂ ಅವಳು ಬಾಗಿಲು ತೆರೆದಿಟ್ಟು ಕೂತಿದ್ದಳು, ದಿನವೂ ಅವರು ಹೊಸ್ತಿಲಲ್ಲೇ ನಿಂತು ಕುಶಲ ಕೇಳಿ ವಾಪಸು ಬಂದಿದ್ದರು.

"ನನಗೆ ಯಾಕಪ್ಪ ಹೇಳ್ಲಿಲ್ಲ ನೀನು?"

"ನಿಮ್ಮಿಂದಲೇ ಕಲಿತದ್ದು," ಎಂದ ಟೈಲರಣ್ಣ. "ಮನಸ್ಸು ನೋಯಿಸಬಾರದು ಅಂತ."

ಕೊಂಕಿನಿಂದ ಹೇಳಿದ್ದಲ್ಲ, ನಿಜವಾಗಿ ಹೇಳಿದ್ದು. ಅದಕ್ಕೇ ಅದು ಇನ್ನೂ ಆಳಕ್ಕೆ ಇಳಿಯಿತು. ಅಯ್ಯನವರು ಎದ್ದರು. ಕ್ಷಮಿಸಪ್ಪ ಎಂದರು. ಟೈಲರಣ್ಣ ಕೋಟನ್ನು ತೊಡೆಯ ಮೇಲೆ ಎಳೆದುಕೊಂಡು ಮತ್ತೆ ಹೊಲಿಗೆ ಬಿಚ್ಚತೊಡಗಿದ. ಕ್ಷಮಿಸಲೇಬೇಕು ಎಂದು ಕೇಳುವ ಹಕ್ಕು ತನಗಿಲ್ಲವೆಂದು ಅಯ್ಯನವರಿಗೂ ಗೊತ್ತಿತ್ತು. ಹೊರಗೆ ಬಿಸಿಲಿಗೆ ಇಳಿದರು.

ಬುಧವಾರ ಅಂಗಡಿಯ ಬಾಗಿಲು ಮುಚ್ಚಿತ್ತು. ಗುರುವಾರವೂ ಮುಚ್ಚಿತ್ತು. ಅಯ್ಯನವರು ಎರಡು ದಿನವೂ ಆ ಬೀದಿಯಲ್ಲಿ ಕಾರಣವಿಲ್ಲದೆ ಹಾದುಹೋದರು. ಪ್ಯಾಂಟಿಗೆ ಬಂದವರು ಬೈದುಕೊಂಡು ಹೋಗುವುದನ್ನು ನೋಡಿದರು. ಒಬ್ಬ ಒಳ್ಳೆಯ ಟೈಲರನ್ನೂ ಕೆಡಿಸಿದೆ, ಒಬ್ಬ ಒಳ್ಳೆಯ ವಿಶ್ವಾಸಿಯನ್ನೂ ಕಳೆದೆ ಎಂದು ಹಲುಬಿದರು. ಶುಕ್ರವಾರ ಮಾತ್ರ ಆ ಕಡೆ ಹೋಗಲಿಲ್ಲ. ಕಪಾಟಿಗೆ ಬೀಗ ಹಾಕಿ, ಹೊಸ ಹಾಳೆ ತೆಗೆದು ಮೇಜಿಗೆ ಕೂತರು. ಒಂದು ಸಾಲು ಬರೆಯಲು ಬೆಳಿಗ್ಗೆಯೆಲ್ಲ ಹಿಡಿಯಿತು. 'ನನಗೆ ಸಾವಿನ ಭಯ ಇದೆ.' ಬಲಗಡೆ ಅಂಚನ್ನು ಅಭ್ಯಾಸಬಲದಿಂದ ಅಗಲವಾಗಿ ಬಿಟ್ಟರು. ಅದು ಬಿಳಿಯಾಗಿಯೇ ಉಳಿಯಿತು.

ಭಾನುವಾರ ಅದನ್ನೇ ಓದಿದರು. ಹೋದ ವಾರದ ಹಲ್ಲಿನ ಮಾತು ನನ್ನದಲ್ಲ, ನನ್ನ ಹೆಂಡತಿಯದು ಎಂದರು. ಒಂದು ವರ್ಷದಿಂದ ನಿಮಗೆ ಹಳಸಲು ಬಡಿಸಿದ್ದೇನೆ, ನೀವು ಚೆನ್ನಾಗಿದೆ ಎಂದು ಉಂಡಿರಿ, ಇಬ್ಬರದೂ ತಪ್ಪು ಎಂದರು. ಹಲ್ಲು ಕೀಳಿಸಲು ಹೋದ ದಿನ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ತಾವು ಹೆಂಡತಿಯ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ ಅವಳ ಉಂಗುರ ಅವಳದೇ ಬೆರಳಿಗೆ ಒತ್ತಿ ರಕ್ತ ಬಂದಿತ್ತಂತೆ, ಅದನ್ನೂ ಹೇಳಿದರು. ಜನ ನಕ್ಕರು. ಆಮೇಲೆ ಅಯ್ಯನವರು, "ಅವಳು ಸಾಯುವಾಗಲೂ ಆ ಕೈ ಹಿಡಿದಿದ್ದೆ. ಆದರೆ ಸಾಯುತ್ತಿದ್ದೀಯೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಅವಳು ಒಬ್ಬಳೇ ಹೆದರಿಕೊಂಡಳು, ನಾನು ಒಬ್ಬನೇ ಹೆದರಿಕೊಂಡೆ," ಎಂದರು. ನಗು ನಿಂತಿತು. ಮುಂದೆ ಇನ್ನೂ ಎರಡು ಹಾಳೆಯಷ್ಟು, ನಾಯಕನಾದವನು ಹೇಗಿರಬೇಕು, ಸಭೆ ಹೇಗಿರಬೇಕು ಎಂದು ಓದಿದರು.

ಬಾಗಿಲಲ್ಲಿ ಯಾರೂ ಚೆನ್ನಾಗಿತ್ತು ಎನ್ನಲಿಲ್ಲ. ಕೈ ಹಿಡಿದರು, ಬಿಟ್ಟರು, ಹೋದರು. ಒಬ್ಬಳು ಮುದುಕಿ ಅವರ ಮೊಣಕೈ ಸವರಿದಳು. ಕಾರ್ಯದರ್ಶಿಗಳು ಕೆಮ್ಮಿ, ಇವತ್ತು ಸೆಕೆ ಜಾಸ್ತಿ ಅಯ್ಯನವರೇ ಎಂದು ಜಾರಿಕೊಂಡರು. ಕೊನೆಯ ಬೆಂಚಿನಿಂದ ಹೆಂಡತಿಯ ಜೊತೆ ಟೈಲರಣ್ಣ ಎದ್ದು ಬಂದ. ಹೆಂಡತಿ ಮುಂದೆ ಹೋಗಿ ಮೆಟ್ಟಿಲ ಬಳಿ ನಿಂತಳು. ಟೈಲರಣ್ಣ ಕೈ ಚಾಚಲಿಲ್ಲ.

"ನಾಳೆ ಅಂಗಡಿ ತೆಗೀತೀನಿ," ಎಂದ. "ಮಾಲೀಕರು ಹೊಟ್ಟೆ ತುಂಬ ನಕ್ಕು, ಇರಪ್ಪ ಅಂದ್ರು. ನಿಮ್ಮ ಮೇಲೆ ಸಿಟ್ಟು ಇನ್ನೂ ಇದೆ."

"ಇರ್ಲಿ," ಎಂದರು ಅಯ್ಯನವರು.

ಟೈಲರಣ್ಣ ಮೆಟ್ಟಿಲಿಳಿಯಲು ಹೊರಟವನು ತಿರುಗಿದ. ಕತ್ತು ಬಗ್ಗಿಸಿ, ಅಳತೆ ಸರಿಯಿಲ್ಲದ ಬಟ್ಟೆ ಕಂಡವನ ಹಾಗೆ ಹುಬ್ಬು ಗಂಟಿಕ್ಕಿದ.

"ಕೊನೇಲಿ ಒಂದು ಗೇಣು ಉದ್ದ ಆಯ್ತು ಅಯ್ಯನವರೇ. ಆ ಕೈ ಹಿಡಿದ ಮಾತಿಗೇ ಕತ್ತರಿಸಬೇಕಿತ್ತು."

ಅಯ್ಯನವರು ಹಾಳೆಗಳನ್ನು ಎದೆಗೆ ಒತ್ತಿಕೊಂಡು ತಲೆಯಾಡಿಸಿದರು. ಶನಿವಾರ ಸಂಜೆ ಐದಕ್ಕೆ ಬಿಡುವಿದೆಯಾ ಎಂದು ಕೇಳುವ ಹೊತ್ತಿಗೆ ಅವನು ಗೇಟು ದಾಟಿದ್ದ. ಕೇಳಿಸಿತೇನೋ, ಹಿಂದೆ ನೋಡದೆ ಒಂದು ಕೈ ಎತ್ತಿದ.

ಮನೆಯ ದಾರಿ ಹತ್ತು ನಿಮಿಷದ್ದು. ಟೀಚರಮ್ಮ ಯಾವಾಗಲೂ ದಾರಿಬದಿಯ ಗೋಡೆಯ ಕಡೆ ನಡೆಯುತ್ತಿದ್ದರು, ಅಯ್ಯನವರು ರಸ್ತೆಯ ಕಡೆ. ಇಂದೂ ಅವರು ರಸ್ತೆಯ ಕಡೆಯೇ ನಡೆದರು, ಗೋಡೆಯ ಪಕ್ಕ ಒಬ್ಬರಿಗಾಗುವಷ್ಟು ಜಾಗ ಬಿಟ್ಟು. "ಒಂದು ಗೇಣು ಉದ್ದ ಆಯ್ತಂತೆ ಕಣೇ," ಎಂದು ಆ ಜಾಗಕ್ಕೆ ಹೇಳಿದರು. ಎದುರಿಗೆ ಬಂದ ಹಾಲಿನವನು ವಿಚಿತ್ರವಾಗಿ ನೋಡಿಕೊಂಡು ಹೋದ.

ಮನೆಯ ಗೇಟಿನ ಚಿಲಕಕ್ಕೆ ಕೈ ಇಟ್ಟವರು ತೆರೆಯಲಿಲ್ಲ. ಒಳಗೆ ಹೋದರೆ ಮತ್ತೆ ಹೇಳಲಾಗುವುದಿಲ್ಲ ಎನ್ನಿಸಿತು. ಅಲ್ಲೇ ನಿಂತು, ಗೋಡೆಯ ಕಡೆ ತಿರುಗಿ, "ಡಾಕ್ಟರು ನನಗೆ ಮೊದಲೇ ಹೇಳಿದ್ರು ಕಣೇ. ನೀನು ಉಳಿಯಲ್ಲ ಅಂದ್ರು," ಎಂದರು.

ಹೇಳಿ ಆದ ಮೇಲೆ ಗೇಟಿಗೆ ಒರಗಿ, ಇಬ್ಬರು ಅಳಬೇಕಾಗಿದ್ದದ್ದನ್ನು ಒಬ್ಬರೇ ಅತ್ತರು.